ಬಾಡಿಗೆಯವರಿಗೂ ಬೆಂಕಿಯ ವಿಷಯ ಹೇಳಿ

ನಮ್ಮ ಕ್ಷೇತ್ರದ ಅಸೆಂಬ್ಲಿ ಸದಸ್ಯರಿಗೆ ನಮಸ್ಕಾರ.

ಮನೆ ಬಾಡಿಗೆಗೆ ಕೊಡುವಾಗ ಕಾಡ್ಗಿಚ್ಚಿನ ಅಪಾಯವನ್ನೂ ತಿಳಿಸಬೇಕು ಅಂತ ಕೇಳುವ ಈ ಪತ್ರವನ್ನು ಇಂಗ್ಲಿಷಿನಲ್ಲಿ ನಿಮ್ಮ ಆಫೀಸಿಗೂ ಕಳಿಸಿದ್ದೇನೆ. ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದು ಬೆಟ್ಟದ ಬುಡದಲ್ಲಿ ಮನೆ ಹಿಡಿದಿರುವ ನಮ್ಮವರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ. ನನಗೆ ಇಲ್ಲಿ ಓಟಿಲ್ಲ, ಗೊತ್ತು. ತೆರಿಗೆಯಂತೂ ಕಟ್ಟುತ್ತೇನೆ.

ಲಾಸ್ ಏಂಜಲೀಸ್ ಹತ್ತಿರದ ಆಲ್ಟಡೀನಾ ಊರಿಗೆ ಅಂಟಿಕೊಂಡಿರುವ ಪಾಸಡೀನಾದ ಒಂದು ಬೀದಿಗೆ ನಾವು ಬಂದಿದ್ದು 2024ರ ಅಕ್ಟೋಬರ್‌ನಲ್ಲಿ. ಬಾಲ್ಕನಿಯಿಂದ ಬೆಟ್ಟ ಕಾಣುತ್ತೆ ಅಂತಲೇ ಬಾಡಿಗೆ ಜಾಸ್ತಿಯಾದರೂ ಒಪ್ಪಿಕೊಂಡೆವು. ಕರಾರಿನಲ್ಲಿ ನಾಯಿ, ಪಾರ್ಕಿಂಗ್, ಗೋಡೆಗೆ ಹೊಡೆಯುವ ಮೊಳೆ, ಎಲ್ಲದಕ್ಕೂ ಷರತ್ತಿತ್ತು. ಬೆಂಕಿಯ ಸುದ್ದಿಯೇ ಇರಲಿಲ್ಲ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು. ನಮ್ಮಲ್ಲಿ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಊರವರು ಹಸಿ ಸೊಪ್ಪು ಹಿಡಿದು ಬಡಿದು ಆರಿಸುತ್ತಾರೆ. ಜನವರಿ ಚಳಿಯಲ್ಲಿ ಬೆಟ್ಟ ಹೊತ್ತಿಕೊಂಡು, ಸ್ಯಾಂಟಾ ಆನಾ ಅನ್ನುವ ಇಲ್ಲಿನ ಒಣ ಬಿರುಗಾಳಿಗೆ ಕಿಡಿಗಳು ಹಾರಿ ಮೈಲಿಯಾಚೆಯ ಮನೆಗಳ ಸೂರಿಗೆ ಬೀಳುತ್ತವೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲವೇನೋ. ಆದರೆ ಯಾರೂ ಹೇಳಲೂ ಇಲ್ಲ.

2025ರ ಜನವರಿ 7ರ ಸಂಜೆ ಈಟನ್ ಕಣಿವೆಯಲ್ಲಿ ಬೆಂಕಿ ಎದ್ದಿತು. ಫೋನು ಬಡಿದುಕೊಳ್ಳತೊಡಗಿತು. ‘ವಾರ್ನಿಂಗ್’ ಅಂದರೆ ಹೊರಡಲು ಸಿದ್ಧರಾಗಿ, ‘ಆರ್ಡರ್’ ಅಂದರೆ ಈಗಲೇ ಹೊರಡಿ, ಈ ವ್ಯತ್ಯಾಸವೂ ಗೊತ್ತಿಲ್ಲದೆ ಮನೆ ಖಾಲಿ ಮಾಡಿಸಲು ಗುರುತಿಸಿದ ಜೋನ್‌ಗಳಲ್ಲಿ ನಮ್ಮದು ಯಾವುದು ಅಂತ ಹುಡುಕುತ್ತಾ ಕೂತಿದ್ದೆ. ಊರಿಂದ ಬಂದಿದ್ದ ಅಮ್ಮ ದೋಸೆ ಹಿಟ್ಟನ್ನು ಫ್ರಿಜ್ಜಿಗಿಟ್ಟು, "ಬೆಳಿಗ್ಗೆ ಬಂದು ಎರೆದರಾಯ್ತು" ಅಂದಳು. ಪಕ್ಕದ ಮನೆಯ ಅಜ್ಜಿ ಬಾಗಿಲು ಬಡಿದು "ಇನ್ನೂ ಇಲ್ಲೇ ಇದ್ದೀರಾ?" ಅಂದ ಮೇಲೆಯೇ ನಾವು ಹೊರಟಿದ್ದು.

ಆ ಬೆಂಕಿಗೆ 9,000ಕ್ಕೂ ಹೆಚ್ಚು ಕಟ್ಟಡ ಸುಟ್ಟವು, 19 ಜನ ಸತ್ತರು. ನಮ್ಮ ಮನೆ ಉಳಿಯಿತು. ವಾಪಸ್ ಬಂದಾಗ ಬಾಲ್ಕನಿ ತುಂಬ ಬೂದಿ, ಅದರಲ್ಲಿ ಅಂಚು ಸುಟ್ಟ ಪುಸ್ತಕದ ಒಂದು ಹಾಳೆ. ಅಮ್ಮ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಯಾರ ಮನೆಯದೋ ಏನೋ.

ಇಲ್ಲಿ ಮನೆ ಮಾರುವವರು ಅದು ಬೆಂಕಿಯ ಅಪಾಯದ ವಲಯದಲ್ಲಿದ್ದರೆ ಕೊಳ್ಳುವವರಿಗೆ ತಿಳಿಸಲೇಬೇಕು. ಪ್ರವಾಹದ ಅಪಾಯವಾದರೆ 2018ರಿಂದ ಬಾಡಿಗೆಯವರಿಗೂ ಹೇಳಬೇಕು. ಬೆಂಕಿಯನ್ನು ಯಾಕೆ ಬಿಟ್ಟಿರಿ? ಬೀಗದ ಕೈ ಕೊಡುವ ದಿನ ಒಂದು ಹಾಳೆ ಕೊಟ್ಟರೆ ಸಾಕು: ನಮ್ಮ ಜೋನ್, ‘ವಾರ್ನಿಂಗ್’, ‘ಆರ್ಡರ್’ ಪದಗಳ ಅರ್ಥ, ಹೊರಗೆ ಹೋಗುವ ದಾರಿಗಳು. ಮತ್ತೆ, ಅಪಾಯದ ವಲಯದ ನಕ್ಷೆಯಲ್ಲಿ ಗೆರೆಯೊಳಗಿರುವ ಮನೆಗಳಿಗೆ ಮಾತ್ರ ಅಂತ ಕೂರಬೇಡಿ. ಆಲ್ಟಡೀನಾದಲ್ಲಿ ಗೆರೆಯ ಆಚೆಗಿದ್ದ ಬೀದಿಗಳೂ ಸುಟ್ಟಿವೆ ಅಲ್ವಾ?

ಇಂಥದ್ದೊಂದು ಮಸೂದೆ ತರುತ್ತೀರಾ, ಇಲ್ಲವಾ, ಎರಡರಲ್ಲಿ ಒಂದು ಬರೆದು ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಬಾಡಿಗೆಯವಳು