ಆಸಿಡ್ ಮುಟ್ಟಿಸುವ ಮೊದಲು ನೀರಿನಲ್ಲಿ ಅಳತೆ ಕಲಿಸಿ

ಮಾನ್ಯ ಸಂಪಾದಕರೇ,

ನನ್ನ ಮಗಳು ಈ ವರ್ಷ ಫಸ್ಟ್ ಪಿಯು ಸೈನ್ಸ್ ಸೇರಿದ್ದಾಳೆ. ಹೋದ ವಾರ ಅವಳ ಬಿಳಿ ವೇಲ್ ಒಗೆದು ಹಿಂಡುವಾಗ ಬಟ್ಟೆ ಅಲ್ಲಲ್ಲಿ ನನ್ನ ಹೆಂಡತಿಯ ಕೈಗೇ ಕಿತ್ತು ಬಂತು. ಕಡಲೆಕಾಳಿನಷ್ಟು ಅಗಲದ ಮೂರು ತೂತು. ಇಲಿ ಕಡಿದಿರಬೇಕು ಅಂದಳು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಅದು ಸಲ್ಫ್ಯೂರಿಕ್ ಆಸಿಡ್. ಹತ್ತಿ ಬಟ್ಟೆ ಮೇಲೆ ಹನಿ ಬಿದ್ದಾಗ ಏನೂ ಕಾಣುವುದಿಲ್ಲ, ನೀರಿನಂಶ ಆರಿದಂತೆ ಆಸಿಡ್ ಗಟ್ಟಿಯಾಗಿ ನೂಲನ್ನು ತಿನ್ನುತ್ತಾ ಹೋಗುತ್ತದೆ, ಒಗೆದಾಗಲೇ ತೂತು ಬೀಳುವುದು. ನಮ್ಮೂರ ಹಾಲಿನ ಡೇರಿಯಲ್ಲಿ ಹತ್ತೊಂಬತ್ತು ವರ್ಷ ಟೆಸ್ಟರ್ ಆಗಿದ್ದವನು ನಾನು, ಇಂಥ ತೂತು ಬೇಕಾದಷ್ಟು ನೋಡಿದ್ದೇನೆ.

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹಿಂದಿನ ಬ್ಯಾಚಿನವರು ಟೇಬಲ್ ಒರೆಸದೆ ಹೋಗಿದ್ದರಂತೆ. ಹೋಗಲಿ, ಅದು ಬಟ್ಟೆ. ಆದರೆ ಅವಳು ಆಮೇಲೆ "ಅಪ್ಪಾ, ಆಕ್ಸಾಲಿಕ್ ಆಸಿಡ್ ಹುಳಿ ಇರುತ್ತೆ" ಅಂದಾಗ ನನ್ನ ಎದೆ ಧಸಕ್ಕೆಂದಿತು. ಪಿಪೆಟ್ ಅಂದರೆ ದ್ರವವನ್ನು ಅಳೆದು ತೆಗೆಯುವ ಗಾಜಿನ ಕೊಳವೆ, ಅದನ್ನು ಬಾಯಲ್ಲಿ ಎಳೆಯುವಾಗ ಆಸಿಡ್ ನಾಲಿಗೆಗೆ ಬಂತಂತೆ. ಎಲ್ಲರೂ ಹಾಗೇ ಎಳೆಯುತ್ತಾರಂತೆ. ಅದು ವಿಷ ಅನ್ನುವುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಡೇರಿಯಲ್ಲಿ ಫ್ಯಾಟ್ ನೋಡಲು 10 ಎಂಎಲ್ ಸಲ್ಫ್ಯೂರಿಕ್ ಆಸಿಡ್, 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೋಹಾಲ್ ಹಾಕುತ್ತಿದ್ದೆವು. ಆ ಆಸಿಡ್ ನೂರಕ್ಕೆ ತೊಂಬತ್ತರಷ್ಟು ಗಟ್ಟಿ. ಹಾಲಿನ ಪಿಪೆಟ್ ಬಾಯಲ್ಲಿ ಎಳೆದದ್ದುಂಟು, ಆಸಿಡ್ ಮಾತ್ರ ಎಂದೂ ಇಲ್ಲ, ಅದಕ್ಕೆ ಅಳತೆಯ ಬಾಟಲಿಯೇ ಬೇರೆ ಇತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಹಿರಿಯ ಟೆಸ್ಟರ್ ನನಗೆ ಆಸಿಡ್ ಬಾಟಲಿ ಮುಟ್ಟಲು ಬಿಡಲಿಲ್ಲ. ಬರೀ ನೀರಿನಲ್ಲಿ ಅಳತೆ ಕಲಿಸಿದರು. ನಾನು ಕೇಳುತ್ತಿರುವುದೂ ಅಷ್ಟೇ. ನಮ್ಮ ಜಿಲ್ಲೆಯ ಕಾಲೇಜುಗಳು ಮೊದಲ ಎರಡು ಪ್ರಾಕ್ಟಿಕಲ್ ಕ್ಲಾಸನ್ನು ನೀರಿಗೇ ಇಡಲಿ.

ಎರಡು ಹನಿ ಇಂಕ್ ಹಾಕಿದ ನೀರು ಸಾಕು. ಗಾಜಿನ ಕೊಳವೆಯಲ್ಲಿ ನೀರಿನ ಮೇಲ್ಮೈ ನಡುವೆ ತಗ್ಗಾಗಿ ನಿಲ್ಲುತ್ತದೆ, ಆ ತಗ್ಗಿನ ತಳವನ್ನು ಓದಬೇಕು, ಕಣ್ಣು ಅದಕ್ಕೆ ಸಮನಾಗಿರಬೇಕು. ನನ್ನ ಮಗಳು ಕುಳ್ಳಿ. ಬ್ಯೂರೆಟ್ (ಕೆಳಗೆ ನಲ್ಲಿ ಇರುವ ಉದ್ದದ ಅಳತೆ ಕೊಳವೆ) ಸ್ಟ್ಯಾಂಡ್ ಎತ್ತರಕ್ಕಿದ್ದರೆ ಕೆಳಗಿನಿಂದ ನೋಡುತ್ತಾಳೆ, ಬ್ಯೂರೆಟ್‌ನಲ್ಲಿ ಅಂಕಿ ಮೇಲಿಂದ ಕೆಳಕ್ಕೆ ಏರುವುದರಿಂದ ಅವಳ ಲೆಕ್ಕ ಜಾಸ್ತಿ ಬರುತ್ತದೆ. ಎತ್ತರದ ಹುಡುಗ ಮೇಲಿಂದ ಬಗ್ಗಿ ನೋಡಿದರೆ ಕಮ್ಮಿ. ಇಬ್ಬರದ್ದೂ ತಪ್ಪು, ಆದರೆ ದಡ್ಡತನದಿಂದಲ್ಲ, ಸ್ಟ್ಯಾಂಡ್ ಇಳಿಸಿಕೊಳ್ಳಿ ಅಂತ ಯಾರೂ ಹೇಳಲಿಲ್ಲ, ಅಷ್ಟೇ. ಹಾಗೇ ಪಿಪೆಟ್‌ನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಮಕ್ಕಳು ಊದಿ ಬಿಡುತ್ತಾರೆ. ಲ್ಯಾಬಿನ ಮಾಮೂಲಿ ಪಿಪೆಟ್‌ನಲ್ಲಿ ಆ ಹನಿ ಬಿಟ್ಟೇ ಅಳತೆ ಹಾಕಿರುತ್ತಾರೆ. ತುದಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿದರೆ ಸಾಕು. ಕೈ ಕೂತಿದೆಯಾ ಅಂತ ನೋಡಬೇಕಾದರೆ ಪಿಪೆಟ್‌ನಿಂದ 10 ಎಂಎಲ್ ನೀರು ಬಿಟ್ಟು ಲ್ಯಾಬಿನ ತಕ್ಕಡಿಯಲ್ಲಿ ತೂಗಲಿ, ಹೆಚ್ಚು ಕಡಿಮೆ 10 ಗ್ರಾಂ ಬರಬೇಕು.

ಇನ್ನು ಆಸಿಡ್ ತೆಳು ಮಾಡುವುದು. ಯಾವಾಗಲೂ ನೀರಿಗೆ ಆಸಿಡ್, ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಾ. ಗಟ್ಟಿ ಸಲ್ಫ್ಯೂರಿಕ್ ಆಸಿಡ್ ನೀರಿಗಿಂತ 1.84 ಪಟ್ಟು ಭಾರ, ಅದರ ಮೇಲೆ ನೀರು ಹಾಕಿದರೆ ನೀರು ಮೇಲೇ ನಿಂತು, ಕಾದು ಕುದಿದು, ಆಸಿಡ್ ಸಮೇತ ಮುಖಕ್ಕೆ ಸಿಡಿಯುತ್ತದೆ. ಡೇರಿಯಲ್ಲಿ ಆಸಿಡ್ ಮೊದಲು, ಹಾಲು ಆಮೇಲೆ ಹಾಕುವುದನ್ನು ನೋಡಿದ ಮಕ್ಕಳು ನಮ್ಮ ಕಡೆ ಜಾಸ್ತಿ, ಅವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಅಲ್ಲಿ ಹಾಲನ್ನು ಗೋಡೆಗುಂಟ ಮೆಲ್ಲಗೆ ಇಳಿಸಿ, ಬಿರಡೆ ಬಿಗಿದ ಮೇಲೇ, ಬಟ್ಟೆ ಸುತ್ತಿ ಅಲ್ಲಾಡಿಸುತ್ತೇವೆ. ಆಗಲೂ ಕೈ ಸುಡುವಷ್ಟು ಬಿಸಿಯಾಗುತ್ತದೆ. ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಬಿಟ್ಟು, ಆಮೇಲೆ ಆಸ್ಪತ್ರೆಗೆ. ಲ್ಯಾಬಿನ ನಲ್ಲಿಯಲ್ಲಿ ಆ ಹೊತ್ತಿಗೆ ನೀರು ಬರಬೇಕಲ್ವಾ?

ಮಗಳ ರೆಕಾರ್ಡ್ ನೋಡಿದೆ. ಬ್ಯೂರೆಟ್‌ನ ಮೂರು ರೀಡಿಂಗೂ 9.8 ಎಂಎಲ್. ಸೀನಿಯರ್ ಬುಕ್ಕಿನಿಂದ ಬರೆಸಿದ್ದಂತೆ. ನನಗೆ ವೇಲ್‌ಗಿಂತ ಜಾಸ್ತಿ ನೋವಾಗಿದ್ದು ಇದು. 9.6 ಬಂದರೆ 9.6 ಬರೆಯಲಿ, ಎರಡು ಸಲ ಹೊಂದುವ ತನಕ ಮತ್ತೆ ಮಾಡಲಿ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಕುಡಿಯುವ ನೀರಿಗೆ ಅದರ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಾಳೆ ಆ ನೀರು ಪರೀಕ್ಷೆ ಮಾಡುವವರು ಈ ಮಕ್ಕಳೇ.

ಬಾಯಿಯ ಬದಲು ಎಳೆಯಲು ಪಿಪೆಟ್‌ಗೆ ರಬ್ಬರ್ ಬಲ್ಬ್, ತಲೆಗೊಂದು ಕನ್ನಡಕ, ದೊಡ್ಡ ದುಡ್ಡಿನ ವಿಷಯವಲ್ಲ. ಪ್ರಾಕ್ಟಿಕಲ್ ಅನ್ನು ಪರೀಕ್ಷೆ ಹತ್ತಿರ ಬಂದಾಗ ಒಟ್ಟಿಗೆ ಮುಗಿಸದೆ ಕಾಲೇಜು ಶುರುವಾದ ತಿಂಗಳಿನಿಂದಲೇ ಮಾಡಿಸಿ ಅಂತ ಪ್ರಾಂಶುಪಾಲರನ್ನು ಕೇಳಿಕೊಳ್ಳುತ್ತೇನೆ. ನೀರಿನ ಕ್ಲಾಸಿಗೆ ಕರೆದರೆ ನಾನೇ ಬಂದು ತೋರಿಸಿಕೊಡುತ್ತೇನೆ.

– ವಿದ್ಯಾರ್ಥಿನಿಯೊಬ್ಬಳ ತಂದೆ, ಚಿಂತಾಮಣಿ ತಾಲ್ಲೂಕು