ಹಗ್ಗ ಸಡಿಲಿಸಿದವರಿಗೆ

ನಮ್ಮ ಬೋಟು ಮೊನ್ನೆ ಗಂಗೊಳ್ಳಿಯ ಅಳಿವೆ ದಾಟಿ ಕಡಲಿಗೆ ಇಳಿಯಿತು. ಜೂನ್, ಜುಲೈ ಮೀನುಗಾರಿಕೆ ನಿಷೇಧ ಮುಗಿದು ಊರಿನ ಎಲ್ಲ ಬೋಟುಗಳೂ ಹೊರಡುವ ಹೊತ್ತು, ಅದರಲ್ಲಿ ಹೇಳಿಕೊಳ್ಳುವುದು ಏನಿದೆ ಎನ್ನಬಹುದು. ಆದರೆ ತೌಕ್ತೆ ಚಂಡಮಾರುತ ಹಾದುಹೋದ 2021ರ ಮೇ 15ರ ರಾತ್ರಿ, ಬೋಟು ಕಟ್ಟುವ ಧಕ್ಕೆಯಲ್ಲಿದ್ದ ಯಾರೂ ಈ ಬೋಟು ಆಗಸ್ಟ್ ಕಾಣುತ್ತದೆ ಎಂದು ನಂಬಿರಲಿಲ್ಲ. ನಾನಂತೂ ನಂಬಿರಲಿಲ್ಲ.

ಆ ರಾತ್ರಿ ಆಸ್ಪತ್ರೆಯಲ್ಲಿದ್ದ ಅಪ್ಪನ ವಿಷಯವನ್ನು ಮತ್ತೆ ಬರೆಯುವುದಿಲ್ಲ. ದಿನಾ ಫೋನ್ ಮಾಡಿ ವಿಚಾರಿಸಿದವರೇ ಇದನ್ನು ಓದುತ್ತಿದ್ದೀರಿ. ಈಗ ಅಂಗಳದ ತುದಿಯವರೆಗೆ ನಡೆಯುತ್ತಾರೆ, ಸಾರಿಗೆ ಹುಳಿ ಸಾಲದು ಎಂದು ಅಮ್ಮನ ಮೇಲೆ ರೇಗುತ್ತಾರೆ. ಅಷ್ಟು ಸಾಕು.

ಹಳೆಯ ಟಯರುಗಳನ್ನು ಟೆಂಪೋದಲ್ಲಿ ಹೇರಿ ತಂದ ಮಂಜುಗಡ್ಡೆ ಕಾರ್ಖಾನೆಯ ಹುಡುಗರಿಗೆ, ಲಾಕ್‌ಡೌನ್ ನಡುವೆಯೂ ನನ್ನನ್ನು ಧಕ್ಕೆಗೆ ಬಿಟ್ಟ ಪೊಲೀಸರಿಗೆ, ಬೆಳಿಗ್ಗೆ ಬಿಸಿ ಗಂಜಿ, ಉಪ್ಪಿನಕಾಯಿ ಕಳುಹಿಸಿದ ಅತ್ತೆಗೆ, ದುರಸ್ತಿಗೆ ಕೈಸಾಲ ಕೊಟ್ಟ ಅಪ್ಪನ ಗೆಳೆಯರಿಗೆ ಕೈಮುಗಿಯುತ್ತೇನೆ. ಯಾರನ್ನಾದರೂ ಮರೆತಿದ್ದರೆ ಬೈದು ನೆನಪಿಸಿ.

ಇನ್ನು ತಂಡೇಲ ಮಾವ (ತಂಡೇಲ ಎಂದರೆ ಬೋಟು ನಡೆಸುವವನು). ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ. ಬರೆಯಲೇಬೇಡ ಎಂದೂ ಹೇಳಿದ್ದರು, ಅದನ್ನು ಮಾತ್ರ ಕೇಳಲಿಲ್ಲ.

ಅವರು ನಮ್ಮ ಬೋಟಿನ ತಂಡೇಲರಲ್ಲ. ಕಡಲಿಗೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ, ಈಗ ಬಲೆ ಹೆಣೆದುಕೊಂಡು ಇದ್ದಾರೆ. ನಮ್ಮ ಬೋಟಿನಲ್ಲಿ ದುಡಿಯುವ ಕಲಾಸಿಗಳು ಏಪ್ರಿಲ್ ಕೊನೆಯಲ್ಲೇ ಊರಿಗೆ ಹೋಗಿದ್ದರು, ತಂಡೇಲರು ಭಟ್ಕಳದಿಂದ ಬರುವ ಹಾಗಿರಲಿಲ್ಲ. ಬೋಟಿಗೆ ಉಳಿದವಳು ನಾನೊಬ್ಬಳು. ಬೆಂಗಳೂರಿನಲ್ಲಿ ಲೆಕ್ಕಪತ್ರ ಬರೆಯುವವಳಿಗೆ ಹಗ್ಗದ ವಿಷಯ ಏನು ಗೊತ್ತು? ಚಂಡಮಾರುತ ಬರುತ್ತದೆ ಎಂದರೆ ಅಲುಗದಂತೆ ಕಟ್ಟಬೇಕು ಎಂದುಕೊಂಡು ಸಂಜೆ ನಾಲ್ಕಕ್ಕೆ ಹೋಗಿ, ಇದ್ದ ಹಗ್ಗವನ್ನೆಲ್ಲ ಎಳೆದು ಬಿಗಿದು ಗಂಟು ಹಾಕಿದ್ದೆ. ಅಂಗೈ ಸುಲಿದಿತ್ತು. ಸ್ವಲ್ಪ ಹೆಮ್ಮೆಯೂ ಆಗಿತ್ತು.

ಮಾವ ಕೊಡೆಯನ್ನೂ ಹಿಡಿಯದೆ ಬಂದು ನೋಡಿದರು. “ನೀರು ಏರಿದರೆ ಬೋಟು ಗೂಟಕ್ಕೆ ನೇಣು ಹಾಕಿಕೊಳ್ಳುತ್ತದೆ, ಹೆಣ್ಣೇ” ಎಂದು, ನನ್ನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. ಉದ್ದನೆಯ ಹಗ್ಗ ಹಾಕಿದರು. ಪಕ್ಕದ ಬೋಟಿಗೆ ಕಟ್ಟಿದ್ದು ಸಾಲದೆಂದು ಧಕ್ಕೆಯ ಗೂಟಕ್ಕೇ ಬೇರೆಯಾಗಿ ಎಳೆದರು. ಗಾಳಿ ಮೊದಲು ಮೂಡಣದಿಂದ ಬೀಸಿ ಆಮೇಲೆ ತೆಂಕಣಕ್ಕೆ ತಿರುಗುತ್ತದೆ ಎಂದು ಹಿಂದೆ ಮುಂದೆ ಎರಡೂ ಕಡೆ ಕಟ್ಟಿದರು. ಹಗ್ಗ ಅಂಚಿಗೆ ಉಜ್ಜುವಲ್ಲೆಲ್ಲ ಗೋಣಿ ಸುತ್ತಿ, ಅದರ ಮೇಲೆ ಹರಕು ಬಲೆ ಬಿಗಿದರು.

ತೌಕ್ತೆ ನಮ್ಮ ತೀರಕ್ಕೆ ಬಂದು ಬಡಿಯಲಿಲ್ಲ. ಲಕ್ಷದ್ವೀಪದ ಬಳಿ ಎದ್ದು, ಕಡಲೊಳಗೇ ಬಡಗು ಮುಖವಾಗಿ ಸಾಗಿ 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ದಾರಿಯಲ್ಲಿ ಹಾದುಹೋದದ್ದಕ್ಕೇ ನಮಗೆ ಇಷ್ಟಾಯಿತು. (ಮ್ಯಾನ್ಮಾರ್‌ನವರು ಇಟ್ಟ ಈ ಹೆಸರಿಗೆ ಹಲ್ಲಿ ಎಂದು ಅರ್ಥವಂತೆ. ಈಗ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಯಾರೂ ‘ಸತ್ಯ ಸತ್ಯ’ ಎನ್ನುವುದಿಲ್ಲ.) ಕಡಲು ಒಂದೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ ಸೇರಿ ಐದು ಹೊಳೆಗಳ ನೀರು ಒಂದೇ ಬಾಯಿಂದ ಹೊರಬೀಳಬೇಕು. ಇಲ್ಲೇ ಹತ್ತಿರದ ನಾಡ ಗ್ರಾಮದಲ್ಲಿ ಒಂದೇ ದಿನ 385 ಮಿಲಿಮೀಟರ್ ಮಳೆ ಸುರಿದಿತ್ತು. ಕಡಲು ಒಳಗೆ ನೂಕುತ್ತಿತ್ತು, ಹೊಳೆ ಹೊರಗೆ ನೂಕುತ್ತಿತ್ತು, ನಡುವೆ ಬೋಟುಗಳು ಒಂದಕ್ಕೊಂದು ತಾಳ ತಪ್ಪಿ ಏರಿ ಇಳಿದು ಗುದ್ದಿಕೊಳ್ಳುತ್ತಿದ್ದವು. ಟಯರುಗಳು ಅಪ್ಪಚ್ಚಿಯಾಗಿ ಕಿರುಗುಟ್ಟುವ ಸದ್ದು ಈಗಲೂ ನಿದ್ದೆಯಲ್ಲಿ ಕೇಳುತ್ತದೆ.

ಆ ರಾತ್ರಿ ಮಾವ ಬೇರೆ ಏನೂ ಮಾಡಲಿಲ್ಲ. ಹಗ್ಗದ ಮೇಲೆ ಅಂಗೈ ಇಟ್ಟು ಕೂತಿದ್ದರು. ನಾಡಿ ನೋಡುವ ಪಂಡಿತರ ಹಾಗೆ. ನೀರು ಏರಿದರೆ ಒಂದು ಮೊಳ ಬಿಡುವುದು, ಇಳಿದರೆ ಎಳೆದುಕೊಳ್ಳುವುದು. ಮತ್ತೆ ಬಿಡುವುದು. ಪಕ್ಕದಲ್ಲಿ ಕತ್ತಿ ಇತ್ತು. ಯಾಕೆಂದು ಕೇಳಿದ್ದಕ್ಕೆ, ಪಕ್ಕದ ಬೋಟು ಮುಳುಗಿದರೆ ನಮ್ಮದನ್ನೂ ಎಳೆದುಕೊಂಡು ಹೋಗುತ್ತದೆ, ಆಗ ಕಡಿಯಬೇಕು ಎಂದರು.

ಮೂರು ಗಂಟೆಗೆ ಆಸ್ಪತ್ರೆಯಿಂದ ಅಮ್ಮನ ಫೋನ್ ಬಂತು. ಏನು ಹೇಳಿದಳೆಂದು ಬರೆಯಲಾರೆ. ಸಾಲ ಮಾಡಿ ಕಟ್ಟಿಸಿದ ಆ ಮರದ ಬೋಟಿನ ಮೇಲೆ ನನಗೆ ಹುಟ್ಟಿದಷ್ಟು ಸಿಟ್ಟು ಬೇರೆ ಯಾರ ಮೇಲೂ ಹುಟ್ಟಿಲ್ಲ. ಹೋಗಲಿ ಬಿಡಿ, ಎಲ್ಲ ಹೋಗಲಿ, ಕಡಿದುಬಿಡಿ ಎಂದು ಕಿರುಚಿದೆ. ಮಾವ ತಿರುಗಿಯೂ ನೋಡಲಿಲ್ಲ. “ಟಾರ್ಚ್ ಇನ್ನೂ ಸ್ವಲ್ಪ ಮೇಲೆ ಹಿಡಿ” ಎಂದರು. ಹಿಡಿದೆ. ತುಂಬ ಹೊತ್ತಿನ ಮೇಲೆ, “ನಿನ್ನ ಅಪ್ಪ ಬಂದು ಬೋಟು ಎಲ್ಲಿ ಎಂದರೆ ನಾನು ಉತ್ತರ ಕೊಡುವುದಿಲ್ಲ. ನೀನೇ ಹೇಳಬೇಕು” ಎಂದರು.

ಅಪ್ಪ ಬರುತ್ತಾರೆ ಎಂದು ಆ ರಾತ್ರಿ ನನ್ನೆದುರು ಹೇಳಿದವರು ಅವರೊಬ್ಬರೇ.

ಬೆಳಗಾದಾಗ ಮುಂಬದಿಯ ಹಗ್ಗದ ಮೂರು ಎಳೆಗಳಲ್ಲಿ ಒಂದು ಮಾತ್ರ ಉಳಿದಿತ್ತು, ಗೋಣಿ ಸವೆದು ನಾರಾಗಿತ್ತು. ಬೋಟಿನ ತಳದಲ್ಲಿ ಮೊಣಕಾಲುದ್ದ ನೀರು. ಆದರೂ ತೇಲುತ್ತಿತ್ತು. ಕಾಪು ಕಡಲಿನಲ್ಲಿ ಬಂಡೆಗೆ ಸಿಕ್ಕಿದ್ದ ಟಗ್‌ನಿಂದ (ಹಡಗು ಎಳೆಯುವ ದೋಣಿ) ಒಂಬತ್ತು ಮಂದಿಯನ್ನು ಮರುದಿನ ಜೀವಂತ ಹೊರತಂದರು. ಮುಳುಗಿದ ಇನ್ನೊಂದು ಟಗ್‌ನವರೆಲ್ಲರೂ ಬದುಕಲಿಲ್ಲ. ನಾವು ಕಳೆದುಕೊಂಡದ್ದು ಬರೀ ಮರ, ಮೊಳೆ.

ಮೊನ್ನೆ ಬೋಟು ಇಳಿಸುವಾಗ ಪೂಜೆಗೆ ಮಾವನನ್ನು ಕರೆದಿದ್ದೆವು. ಕಾಯಿ ಒಡೆಯುವ ಹೊತ್ತಿಗೆ ಅವರು ಹಿಂಬದಿಯಲ್ಲಿ ಹೊಸ ಹಗ್ಗವನ್ನು ಹಿಸುಕಿ ನೋಡುತ್ತಿದ್ದರು. ಅಂಗಡಿಯವನು ಮೋಸ ಮಾಡಿದ್ದಾನಂತೆ.

ಕೊನೆಗೆ, ನಮ್ಮ ಪಕ್ಕ ಕಟ್ಟಿದ್ದ ಸಣ್ಣ ಬೋಟಿನ ಅಣ್ಣನಿಗೆ. ಆ ರಾತ್ರಿ ನಮ್ಮ ಬೋಟು ಗುದ್ದಿದ್ದಕ್ಕೇ ನಿಮ್ಮ ಎರಡು ಹಲಗೆ ಒಡೆದದ್ದು. ತೂಫಾನಿಗೆ ಆದದ್ದು ಎಂದು ನೀವು ಊರಿಗೆಲ್ಲ ಹೇಳಿಕೊಂಡು ಬಂದಿದ್ದೀರಿ, ನಾನು ಟಾರ್ಚ್ ಹಿಡಿದು ಕಣ್ಣಾರೆ ನೋಡಿದ್ದೇನೆ. ಮೊದಲ ಮೀನಿನ ದುಡ್ಡು ಕೈಗೆ ಬಂದ ದಿನ ಮನೆಗೆ ಬರುತ್ತೇನೆ. ದಯವಿಟ್ಟು ಬೇಡ ಎನ್ನಬೇಡಿ.