ಗೆಳೆಯನಿಗೊಂದು ಪತ್ರ: ಅವಳನ್ನು ಮೈದಾನ ಬಿಡಿಸಬೇಡ

ಗೆಳೆಯಾ,

ಮೊನ್ನೆ ಭಾನುವಾರ ಫೋನ್ ಮಾಡಿ, "ಮಗಳದು ಎಸ್ಸೆಸ್ಸೆಲ್ಸಿ ಮುಗೀತು, ಇನ್ನು ಫುಟ್‌ಬಾಲ್ ಸಾಕು, ಆಟ ಕಲಿಸುವವನು ನೀನು, ಅವಳಿಗೆ ನೀನೇ ಹೇಳಿಬಿಡು" ಅಂದೆಯಲ್ಲ, ನಾನು ಹೂಂ ಅಂದು ಇಟ್ಟುಬಿಟ್ಟೆ. ಅದು ಒಪ್ಪಿಗೆಯ ಹೂಂ ಅಲ್ಲ. ಆ ಗಳಿಗೆಯಲ್ಲಿ ಏನು ಹೇಳಬೇಕೋ ತಿಳಿಯಲಿಲ್ಲ. ಮೂರು ದಿನದಿಂದ ಅದೇ ತಲೆಯಲ್ಲಿದೆ. ಫೋನಿನಲ್ಲಿ ಹೇಳಹೋದರೆ ಮಾರ್ಕೆಟ್ಟಿನ ಗಲಾಟೆಯಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ನೀನು ಬಾಯಿ ಹಾಕುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಯಾಕೆಂದರೆ ನಮ್ಮ ಕೋಲಾರದ ಕಡೆ ಹೀಗೆ ಯೋಚಿಸುವ ಅಪ್ಪ ನೀನೊಬ್ಬನೇ ಅಲ್ಲ. ನಿನ್ನ ಹೆಸರೂ ಹಾಕಿಲ್ಲ, ಮಗಳ ಹೆಸರೂ ಹಾಕಿಲ್ಲ. ಬೇಜಾರು ಮಾಡ್ಕೋಬೇಡ.

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು ಕೆಜಿಎಫ್ ಹುಡುಗರ ಜೊತೆ ಮ್ಯಾಚ್ ಆಡೋಕೆ ಹೋಗುತ್ತಿದ್ದೆವಲ್ಲ, ನೆನಪಿದೆಯಾ? ಗಣಿ ಮುಚ್ಚಿದ್ದು 2001ರಲ್ಲಿ, ಇದು ಅದಕ್ಕೂ ಮುಂಚಿನ ಮಾತು. ಅಲ್ಲಿನವರಿಗೆ ತಾತನ ಕಾಲದಿಂದ ಫುಟ್‌ಬಾಲ್ ಗೊತ್ತು. ನಮಗೆ ಬರೀ ಆಸೆ ಇತ್ತು. ಗಾಳಿ ಎದ್ದರೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಧೂಳು ಬಾಯಿಗೇ ಬರುತ್ತಿತ್ತು. ನಾನು ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಬ್ಯಾಕ್, ನೀನು ಮುಂದೆ ಓಡಿ ಗೋಲು ಹೊಡೆಯುವ ಫಾರ್ವರ್ಡ್. ನಾಲ್ಕು ಗೋಲು, ಐದು ಗೋಲು ತಿಂದು ವಾಪಸ್ ರೈಲು ಹತ್ತುತ್ತಿದ್ದೆವು. ಆದರೆ ನೀನು ಮಾತ್ರ ಕೊನೆಯ ವಿಸಿಲ್ ಊದುವವರೆಗೂ ಓಡುತ್ತಿದ್ದೆ. ನಮ್ಮ ಕಡೆಯಿಂದ ಬಾಲ್ ಬರುವ ಹಾಗೇ ಇರಲಿಲ್ಲ. ಆದರೂ ಖಾಲಿ ಜಾಗ ಕಂಡರೆ ಸಾಕು, ಓಡುತ್ತಿದ್ದೆ.

ಅದೇ ಓಟ ನಿನ್ನ ಮಗಳಿಗೆ ಬಂದಿದೆ. ಅವಳು ಹೊಡೆದ ಗೋಲುಗಳನ್ನು ಜನ ಲೆಕ್ಕ ಹಾಕುತ್ತಾರೆ, ನಾನು ಬೇರೆಯದನ್ನು ನೋಡುತ್ತೇನೆ. ನಿಂತಲ್ಲೇ ನಿಲ್ಲುವ ಫಾರ್ವರ್ಡ್‌ನ ಹಿಡಿಯುವುದು ಬ್ಯಾಕ್‌ಗೆ ಕಷ್ಟವೇ ಅಲ್ಲ. ಒಂದು ಹೆಜ್ಜೆ ಬಾಲ್ ಕಡೆಗೆ ಬಂದಂತೆ ಮಾಡಿ, ಬ್ಯಾಕ್ ಮುಂದೆ ಬಂದ ತಕ್ಷಣ ಅವನ ಬೆನ್ನ ಹಿಂದೆ ನುಗ್ಗುವವರಿದ್ದಾರಲ್ಲ, ಅವರ ಜೊತೆ ತೊಂಬತ್ತು ನಿಮಿಷ ಆಡುವುದು ನರಕ. ನಿನ್ನ ಮಗಳು ಅದನ್ನು ಮಾಡುತ್ತಾಳೆ. ಬಾಲ್ ಕಾಲಿಗೆ ಬರುವ ಮೊದಲೇ ಒಂದು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಾಳೆ. ಇದನ್ನು ನಾನು ಕಲಿಸಿಲ್ಲ. ಹತ್ತು ಸಲ ಓಡಿದರೆ ಒಂದು ಸಲ ಪಾಸ್ ಬರುತ್ತದೆ, ಉಳಿದ ಒಂಬತ್ತು ಓಟಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಆದರೂ ಹನ್ನೊಂದನೇ ಸಲ ಓಡಬೇಕು. ಫಾರ್ವರ್ಡ್ ಕೆಲಸ ಅಂದರೆ ಅದೇ.

"ಇದರಲ್ಲಿ ಮುಂದೇನಿದೆ" ಅಂತ ನೀನು ಕೇಳಿದೆ. ಬಾಲಾ ದೇವಿಯ ಕಥೆ ಹೇಳುತ್ತೇನೆ, ಕೇಳು. ಮಣಿಪುರದ ಬಿಷ್ಣುಪುರ ಜಿಲ್ಲೆಯ ಹಳ್ಳಿ ಹುಡುಗಿ. ಚಿಕ್ಕಂದಿನಲ್ಲಿ ಹುಡುಗರ ಜೊತೆ ಆಡಿ ಬೆಳೆದವಳು. ಭಾರತ ತಂಡದ ನಾಯಕಿಯಾದಳು, ಮಣಿಪುರ ಪೊಲೀಸಿನಲ್ಲಿ ಕೆಲಸ ಸಿಕ್ಕಿತು, ಗೋಲು ಹೊಡೆಯುತ್ತಲೇ ಇದ್ದಳು. ಆದರೆ ಫುಟ್‌ಬಾಲನ್ನೇ ಕಸುಬು ಮಾಡಿಕೊಳ್ಳಲು ನಮ್ಮಲ್ಲಿ ದಾರಿಯೇ ಇರಲಿಲ್ಲ. ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದದ್ದೇ 2016-17ರಲ್ಲಿ. ಆಮೇಲೆ ನಮ್ಮ ಬೆಂಗಳೂರು ಎಫ್‌ಸಿಯವರು ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿನ ಜೊತೆ ಸಂಬಂಧ ಬೆಳೆಸಿದರು, ಆ ದಾರಿಯಲ್ಲಿ ಆಕೆ ಟ್ರಯಲ್ಸ್‌ಗೆ ಹೋದಳು. 2020ರ ಜನವರಿ ಕೊನೆಯಲ್ಲಿ ಹದಿನೆಂಟು ತಿಂಗಳ ಒಪ್ಪಂದ, 10ನೇ ನಂಬರಿನ ಜರ್ಸಿ. ಯುರೋಪಿನ ಕ್ಲಬ್ಬಿಗೆ ವೃತ್ತಿಪರಳಾಗಿ ಸಹಿ ಹಾಕಿದ ಮೊದಲ ಭಾರತೀಯ ಹೆಣ್ಣುಮಗಳು. ಆಗ ಆಕೆಗೆ ಮೂವತ್ತು ತುಂಬಲು ನಾಲ್ಕೈದು ದಿನ ಬಾಕಿ. ಹುಡುಗರಲ್ಲಿ ಆ ವಯಸ್ಸಿಗೆ ಎಷ್ಟೋ ಜನ ಮುಗಿಸುವ ಯೋಚನೆಯಲ್ಲಿರುತ್ತಾರೆ, ಆಕೆಗೆ ಆಗ ಬಾಗಿಲು ತೆರೆಯಿತು.

ತೆರೆದ ಬಾಗಿಲು ಹಾಗೇ ಮುಚ್ಚಿತು. ಮಾರ್ಚ್ ತಿಂಗಳಿಗೆ ಕೊರೊನಾ ಬಂತು, ಲೀಗ್ ನಿಂತಿತು. ಗೊತ್ತಿಲ್ಲದ ಊರು, ಚಳಿ, ಪಂದ್ಯವಿಲ್ಲ. ಮೊದಲ ಗೋಲು ಬಂದದ್ದು ಡಿಸೆಂಬರ್ 6ಕ್ಕೆ, ಮದರ್‌ವೆಲ್ ಮೇಲೆ, ಅದೂ ಬದಲಿ ಆಟಗಾರ್ತಿಯಾಗಿ ಇಳಿದು. ರೇಂಜರ್ಸ್ 9-0 ಗೆದ್ದ ಪಂದ್ಯ. ಅಷ್ಟು ಗೋಲುಗಳ ನಡುವೆ ಅದೊಂದು ದೊಡ್ಡದಾಗಿ ಕಾಣಲಿಕ್ಕಿಲ್ಲ. ನಾನು ಮಾತ್ರ ಆ ವಿಡಿಯೋ ಎಷ್ಟು ಸಲ ನೋಡಿದ್ದೇನೋ, ಲೆಕ್ಕವಿಲ್ಲ. ಹತ್ತು ತಿಂಗಳು ಕಾದು ಹೊಡೆದ ಗೋಲು ಅದು.

ಆಮೇಲೆ ಏನಾಯಿತು ಅನ್ನುವುದನ್ನೂ ಮುಚ್ಚಿಡದೆ ಹೇಳುತ್ತೇನೆ, ಯಾಕೆಂದರೆ ನಿನಗೆ ಹೆದರಿಕೆ ಇರುವುದು ಅದರದ್ದೇ. ಮಂಡಿ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಲಿಗಮೆಂಟ್ ಹರಿಯಿತು. 2022ರಲ್ಲಿ ಏಷ್ಯಾ ಕಪ್ ನಮ್ಮ ದೇಶದಲ್ಲೇ ನಡೆದಾಗ ಆಕೆ ತಂಡದಲ್ಲಿರಲಿಲ್ಲ. ಅಲ್ಲಿಗೆ ಮುಗೀತು ಅಂತ ನಾನೂ ಅಂದುಕೊಂಡಿದ್ದೆ. ಆದರೆ 2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ ಪಾಕಿಸ್ತಾನದ ಮೇಲೆ ಗೋಲು ಹೊಡೆದಳು, ದೇಶಕ್ಕಾಗಿ ಅದು ಆಕೆಯ 50ನೇ ಗೋಲು. ಮೂವತ್ತನಾಲ್ಕು ವರ್ಷ ಆಗ!

ಈ ಮಂಡಿಯ ಗಾಯ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಜಾಸ್ತಿ ಆಗುತ್ತದೆ, ಇದು ನಿಜ. ಆಗ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿಗೆ ಆಡುತ್ತಿದ್ದ ಬೆತ್ ಮೀಡ್, ವಿವಿಯಾನ ಮೀಡೆಮ ಇಬ್ಬರೂ ಒಂದೇ ಸೀಸನ್ನಿನಲ್ಲಿ ಮಂಡಿ ಹಿಡಿದುಕೊಂಡು ಬಿದ್ದು 2023ರ ವಿಶ್ವಕಪ್ ತಪ್ಪಿಸಿಕೊಂಡರು. ಅಷ್ಟು ಒಳ್ಳೆಯ ಮೈದಾನ, ಡಾಕ್ಟರು ಇರುವ ಕಡೆಯೇ ಹಾಗೆ. ನಮ್ಮ ಮೈದಾನ ಬೇಸಿಗೆಯಲ್ಲಿ ಟಾರು ರಸ್ತೆ ಇದ್ದ ಹಾಗಿರುತ್ತದೆ. ಅದಕ್ಕೇ ಅವಳಿಗೆ ಬಾಲ್ ಮುಟ್ಟುವ ಮೊದಲು ಇಪ್ಪತ್ತು ನಿಮಿಷ ವಾರ್ಮ್ ಅಪ್ ಮಾಡಿಸುತ್ತೇನೆ. ಫಿಫಾ 11+ ಅಂತ ಅದಕ್ಕೆ ಹೆಸರು. ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಇಳಿಯುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು, ತೊಡೆಯ ಹಿಂದಿನ ಸ್ನಾಯು ಗಟ್ಟಿ ಮಾಡುವುದು, ಇಂಥವು. ಅವಳಿಗೆ ಬೋರಾಗುತ್ತದೆ, "ಸಾಕು ದೊಡ್ಡಪ್ಪ" ಅನ್ನುತ್ತಾಳೆ, ನಾನು ಬಿಡುವುದಿಲ್ಲ. ಗಾಯ ಆಗುವುದೇ ಇಲ್ಲ ಅಂತ ಮಾತು ಕೊಡಲಾರೆ. ನನ್ನ ಸ್ವಂತ ಮಗಳಾಗಿದ್ದರೆ ಎಷ್ಟು ಎಚ್ಚರ ವಹಿಸುತ್ತಿದ್ದೆನೋ ಅಷ್ಟೇ ವಹಿಸುತ್ತೇನೆ.

ದುಡ್ಡಿನ ಮಾತು. ಕ್ರಿಕೆಟ್ಟಿನ ಹಾಗೆ ಕೋಟಿ ಇಲ್ಲ. 2023ರಲ್ಲಿ ಫುಟ್‌ಬಾಲ್ ಫೆಡರೇಷನ್ನು, ಲೀಗಿನ ಮೇಲಿನ ಹಂತದ ಕ್ಲಬ್ಬುಗಳು ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷಕ್ಕೆ ಕಡಿಮೆ ಇಲ್ಲದ ಒಪ್ಪಂದ ಕೊಡಬೇಕು ಅಂತ ತೀರ್ಮಾನ ಮಾಡಿತು. ಅದು ಜಾಸ್ತಿ ದುಡ್ಡಲ್ಲ. ಆದರೆ ಹೆಣ್ಣುಮಕ್ಕಳ ಆಟಕ್ಕೆ ಸಂಬಳ ಅನ್ನುವ ಮಾತೇ ನಮ್ಮ ಕಾಲದಲ್ಲಿ ಇತ್ತಾ? ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಅದೇ ವರ್ಷ ಲೀಗ್ ಫೈನಲ್ ಆಡಿತು, ಗೋಕುಲಂ ಕೇರಳದ ಮೇಲೆ ಸೋತಿತು, ಇರಲಿ. ಇಲ್ಲಿಂದ ಎರಡು ಗಂಟೆ ದಾರಿಯಲ್ಲಿ ಅಂಥ ತಂಡ ಇದೆ ಅಂತ ಹೇಳಿದೆ ಅಷ್ಟೇ. ನೀನು ಟೊಮೇಟೊ ಬೆಳೆಯುವವನು. ಒಂದು ವರ್ಷ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿತು, ಇನ್ನೊಂದು ವರ್ಷ ರಸ್ತೆ ಬದಿಗೆ ಸುರಿದು ಬಂದೆ. ಆದರೂ ನಾರು ಹಾಕುವುದು ಬಿಟ್ಟಿದ್ದೀಯಾ?

ಅವಳು ಬಾಲಾ ದೇವಿ ಆಗುತ್ತಾಳೆ ಅಂತ ನಾನು ಹೇಳುತ್ತಿಲ್ಲ. ರಾಜ್ಯ ತಂಡದ ಟ್ರಯಲ್ಸ್‌ನಲ್ಲೇ ನಿಂತುಹೋಗಬಹುದು. ಆದರೆ ಹದಿನಾರಕ್ಕೆ ನಾವೇ ನಿಲ್ಲಿಸಿಬಿಟ್ಟರೆ ಅದು ಅವಳ ಸೋಲಲ್ಲ, ನಮ್ಮದು. ನಿನಗೂ ಹಾಗೇ ಆಯಿತು. ನಿಮ್ಮಪ್ಪ ತೋಟಕ್ಕೆ ಆಳಿಲ್ಲ ಅಂತ ಕರೆದುಕೊಂಡು ಹೋದ ದಿನ ಬೂಟನ್ನು ನನ್ನ ಕೈಗೆ ಕೊಟ್ಟು ಹೋದೆಯಲ್ಲ, ಆವತ್ತು ನಾನು ಒಂದು ಮಾತೂ ಆಡಲಿಲ್ಲ. ಆಡಬೇಕಿತ್ತು. ಈಗ ಆಡುತ್ತಿದ್ದೇನೆ.

ನೆಂಟರು ಚಡ್ಡಿ, ಕಪ್ಪು ಬಣ್ಣ ಅಂತ ಏನೇನೋ ಅನ್ನುತ್ತಾರಂತೆ. ಅನ್ನಲಿ ಬಿಡು. ತಂಗಿ, ಅಂದರೆ ನಿನ್ನ ಹೆಂಡತಿ, ನನ್ನ ಜೊತೆ ಮಾತಾಡಿದಳು, ಅವಳಿಗೆ ಒಪ್ಪಿಗೆ ಇದೆ. ಬೇಕಾದರೆ ಕೇಳಿ ನೋಡು.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಮೈದಾನಕ್ಕೆ ಬಾ. ಅವಳಿಗೆ ಹೇಳಬೇಡ. ಗೋಲ್ ಪೋಸ್ಟಿನ ಹಿಂದೆ ನಿಂತು ಅರ್ಧ ಗಂಟೆ ನೋಡು, ಬಾಲ್ ನೋಡಬೇಡ, ಅವಳನ್ನು ಮಾತ್ರ ನೋಡು. ಆಮೇಲೂ ಬೇಡ ಅನ್ನಿಸಿದರೆ ಅವಳ ಮುಂದೆ ನೀನೇ ನಿಂತು ಹೇಳು, ನನ್ನ ಕೈಯಲ್ಲಿ ಹೇಳಿಸಬೇಡ.

ಬರುವಾಗ ಅವಳಿಗೆ ಸ್ಟಡ್ಸ್ ಬೂಟು ತಗೊಂಡು ಬಾ. ಈಗಿನದು 5ನೇ ನಂಬರು, ಬೆರಳು ತಾಗುತ್ತಿದೆ, ಕೇಳಿದರೆ ಇಲ್ಲ ಅನ್ನುತ್ತಾಳೆ. 6 ತಗೋ.

ನಿನ್ನ ಹಳೇ ಬ್ಯಾಕ್